ಪಟ್ಟಿಗೆ ಸೇರದ ಮನೆಗಳು

ಗುರುವಾರ ಸಂಜೆಯ ಸಭೆ ಮುಗಿಯುವ ಮೊದಲು ಒಂದು ಕಂದು ಬಟ್ಟೆಯ ಚೀಲ ನಮ್ಮ ನಡುವೆ ಕೈಯಿಂದ ಕೈಗೆ ದಾಟುತ್ತದೆ. ಅದರ ಬಾಯಿ ಕಿರಿದು, ಒಂದು ಮುಷ್ಟಿ ಮಾತ್ರ ಒಳಗೆ ಹೋಗುತ್ತದೆ. ನಾನು ಮೊದಲ ಸಲ ಆ ಸಭೆಗೆ ಹೋದ ದಿನ ಪರ್ಸನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಚೀಲ ಹತ್ತಿರ ಬಂದಂತೆಲ್ಲ ಮುಖ ಬಿಸಿಯಾಗತೊಡಗಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಅದನ್ನು ಗಮನಿಸಿರಬೇಕು. ಮೆಲ್ಲಗೆ ಹೇಳಿದರು: “ಮುಷ್ಟಿ ಕಟ್ಟಿ ಒಳಗೆ ಹಾಕಿ ಟೀಚರ್, ಬಿಚ್ಚಿ ಹೊರಗೆ ತೆಗೆಯಿರಿ. ಅಷ್ಟೇ ಕ್ರಮ.” ಹಾಗೆಯೇ ಮಾಡಿದೆ. ಐನೂರು ಹಾಕಿದವರ ಕೈ, ಏನೂ ಹಾಕದ ನನ್ನ ಕೈ, ಎರಡೂ ಹೊರಗೆ ಬರುವಾಗ ಒಂದೇ ಬಗೆಯಾಗಿ ಕಂಡವು.

ಬಡವರ ಮನೆಗಳಿಗೆ ಹೋಗಿ ನೆರವಾಗುವ ನಮ್ಮ ಇಗರ್ಜಿಯ ಸಂಘ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಗುಟ್ಟಿನ ಕಾಣಿಕೆ ಎಂದರೆ ಇದು. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯಬಾರದು. ಕೊಡುವವರಿಗೆ ಇಷ್ಟು ಮರೆ ಕಟ್ಟಿದ ಸಭೆ, ತೆಗೆದುಕೊಳ್ಳುವವರಿಗೂ ಅಷ್ಟೇ ಮರೆ ಕಟ್ಟಬೇಕೆಂಬುದು ನನಗೆ ಅಂದು ಹೊಳೆಯಲಿಲ್ಲ. ಅದನ್ನು ಕಲಿಯಲು ಒಬ್ಬ ಹುಡುಗಿಯ ಕಣ್ಣು ತಗ್ಗುವುದನ್ನು ನೋಡಬೇಕಾಯಿತು.

ನಮ್ಮದು ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿದ ಹಳ್ಳಿಯ ಇಗರ್ಜಿ. 2012ರವರೆಗೆ ನಾವೆಲ್ಲ ಮಂಗಳೂರು ಧರ್ಮಪ್ರಾಂತ್ಯದವರಾಗಿದ್ದೆವು. ಇಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಆ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ಅಂಗಡಿಯ ಮಾತು ತುಳುವಿನಲ್ಲಿ, ಪಂಚಾಯಿತಿಗೆ ಕೊಡುವ ಅರ್ಜಿ ಕನ್ನಡದಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳೆಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದರು. “ಟೀಚರ ಅಕ್ಷರ ದುಂಡಗಿದೆ” ಎಂದು ಯಾರೋ ಹೇಳಿದರು, ಉಳಿದವರು ತಲೆಯಾಡಿಸಿದರು. ನಡಾವಳಿ ಪುಸ್ತಕ ನನ್ನ ಕೈಗೆ ಬಂತು.

ಇಗರ್ಜಿಯ ಒಳಗಿನ ವ್ಯವಸ್ಥೆ ತಿಳಿಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ಊರನ್ನು ವಾಳೆಗಳಾಗಿ ಹಂಚಿಕೊಂಡಿರುತ್ತೇವೆ. ವಾಳೆ ಎಂದರೆ ಇಪ್ಪತ್ತು ಮೂವತ್ತು ಮನೆಗಳ ಒಂದು ಗುಂಪು. ಪ್ರತಿ ವಾಳೆಗೂ ಒಬ್ಬ ಗುರಿಕಾರ. ಮೀನುಗಾರರಾದ ಮೊಗವೀರರಲ್ಲಿಯೂ ಊರ ಮುಖ್ಯಸ್ಥನಿಗೆ ಗುರಿಕಾರನೆಂದೇ ಕರೆಯುತ್ತಾರೆ. ಸಮುದ್ರದ ಬದಿಯ ಜನ ಈ ಪದವನ್ನು ಹಂಚಿಕೊಂಡು ಬದುಕಿದ್ದಾರೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಗುರಿಕಾರರು, ಸಂಘಗಳ ಪ್ರತಿನಿಧಿಗಳು, ಆಯೋಗಗಳ ಸಂಚಾಲಕರು ಸೇರಿ ಪಾಲನಾ ಮಂಡಳಿ ಆಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆಯಿತಲ್ಲ, ಇಗರ್ಜಿ ಎಂದರೆ ಪಾದ್ರಿಗಳು ಮಾತ್ರವಲ್ಲ, ಜನರೂ ಹೌದೆಂಬ ಮಾತಿಗೆ ಬಲ ಬಂದದ್ದು ಅಲ್ಲಿಂದ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 536ನೆಯ ಕಟ್ಟಳೆ ಪಾಲನಾ ಮಂಡಳಿಯದು, 537ನೆಯದು ಹಣಕಾಸು ಸಮಿತಿಯದು. ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲಿ ಇರಲೇಬೇಕು. ಪಾಲನಾ ಮಂಡಳಿ ಬೇಕೆ ಎಂಬುದನ್ನು ಬಿಷಪರು ತೀರ್ಮಾನಿಸುತ್ತಾರೆ, ಮತ್ತು ಅದರ ಮಾತು ಸಲಹೆ ಮಾತ್ರ. ಅಂದರೆ ನಾವು ಗಂಟೆಗಟ್ಟಲೆ ಚರ್ಚಿಸಿದರೂ ಕೊನೆಯ ಮಾತು ಧರ್ಮಗುರುಗಳದು. ಇದರ ಬಗ್ಗೆ ಹಲವರಿಗೆ ಬೇಸರವಿದೆ. ನನಗೂ ಕೆಲವೊಮ್ಮೆ ಆಗಿದೆ. ಆದರೆ ಒಂದು ಮನೆಯ ಅಂಗಳಕ್ಕೆ ಹೋಗಿ ಕುಳಿತುಕೊಳ್ಳಲು ಯಾವ ಕಟ್ಟಳೆಯ ಅಪ್ಪಣೆಯೂ ಬೇಕಾಗಿಲ್ಲ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಗ ನಾನು ಇನ್ನೂ ಶಾಲೆಯಲ್ಲಿದ್ದೆ. ನಮ್ಮ ಇಗರ್ಜಿಯ ವಾರ್ಷಿಕ ಹಬ್ಬ ಹತ್ತಿರ ಬಂದಿತ್ತು. ಹಬ್ಬದ ಸಂಜೆ ವೇದಿಕೆಯಲ್ಲಿ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಹಂಚಬೇಕೆಂದು ಮಂಡಳಿಯಲ್ಲಿ ಸೂಚಿಸಿದವಳು ನಾನೇ. ಹೊಸ ಹುರುಪು. ಗುರಿಕಾರರಿಂದ ಹೆಸರು ತರಿಸಿದೆ, ಅಕಾರಾದಿಯಾಗಿ ಪಟ್ಟಿ ಮಾಡಿದೆ, ಮೈಕಿನ ಮುಂದೆ ನಿಂತು ನಾನೇ ಓದಿದೆ. ಒಬ್ಬೊಬ್ಬರಾಗಿ ಮೇಲೆ ಬಂದರು, ಅತಿಥಿಗಳು ಚೀಲ ಕೊಟ್ಟರು, ಫೋಟೋ ತೆಗೆಯಲಾಯಿತು. ಒಂದು ಹೆಸರನ್ನು ಮೂರು ಸಲ ಕೂಗಿದರೂ ಯಾರೂ ಏಳಲಿಲ್ಲ. ಬಂದಿಲ್ಲವೆಂದುಕೊಂಡು ಮುಂದಿನ ಹೆಸರಿಗೆ ಹೋದೆ.

ಆಕೆ ಬಂದಿದ್ದರು. ಸಭಾಂಗಣದ ಹಿಂದೆ ಅಡುಗೆಯ ದೊಡ್ಡ ಹಂಡೆಗಳನ್ನು ತೊಳೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಬ್ಬ, ಮದುವೆಗಳಲ್ಲಿ ಆ ಕೆಲಸ ಮಾಡಿ, ಉಳಿದ ದಿನ ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದ ಹೆಂಗಸು. ಮಗಳು ನನ್ನದೇ ತರಗತಿಯಲ್ಲಿ, ಹತ್ತನೆಯದರಲ್ಲಿ ಇದ್ದಳು. ಸೋಮವಾರ ಹಾಜರಿ ಕರೆಯುವಾಗ ಅವಳು ತಲೆ ಎತ್ತದೆ ಉತ್ತರಿಸಿದಳು. ಮಧ್ಯಾಹ್ನ ಕರೆದು ಕೇಳಿದೆ, ಏನಾಯಿತೆಂದು. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಮೈಕಿನಲ್ಲಿ ಅಮ್ಮನ ಹೆಸರು ಕೂಗಿದಿರಿ ಟೀಚರ್. ಮೂರು ಸಲ.”

ಅಂದು ಸಂಜೆ ನಾನು ನಮ್ಮ ಸಭೆಯ ಆ ಹಿರಿಯರ ಮನೆಗೆ ಹೋದೆ. ಊರಿಗೆಲ್ಲ ಅವರು ಬಾಪ್ಪು. ನಮ್ಮ ಕೊಂಕಣಿಯಲ್ಲಿ ಅಪ್ಪನ ಸಹೋದರನನ್ನು ಹಾಗೆ ಕರೆಯುತ್ತೇವೆ. ಮೂವತ್ತೊಂದು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಂಗಿ ಹಾಕಿಕೊಂಡು, ಉಳಿದುಹೋಗಿದ್ದ ಆ ಚೀಲವನ್ನು ಹಳೆಯ ಗೋಣಿಯಲ್ಲಿ ಸುತ್ತಿ, “ಬನ್ನಿ” ಎಂದರು. ಗದ್ದೆಯ ಅಂಚಿನಲ್ಲಿ ಹೋಗುವಾಗ ಮಾತ್ರ ಒಂದು ಮಾತು ಹೇಳಿದರು: “ಟಿಕೆಟ್ಟಿಗೆ ಚಿಲ್ಲರೆ ಇಲ್ಲದವರು ಬಸ್ಸಿನಲ್ಲಿ ದಿನಾ ಇರುತ್ತಿದ್ದರು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಲ್ಲಿ ಇಳಿಯುತ್ತೀರಿ ಎಂದು ಕೇಳಿ ನಾನು ಮುಂದಕ್ಕೆ ಹೋಗುತ್ತಿದ್ದೆ. ಹಿಂದೆ ತಿರುಗಿ ನೋಡುತ್ತಿರಲಿಲ್ಲ.”

ಆ ಮನೆಯ ಎದುರು ಬಾಗಿಲಿಗೆ ಅವರು ಹೋಗಲಿಲ್ಲ. ಹಿತ್ತಿಲ ಕಡೆಯಿಂದ, ಬಾವಿಕಟ್ಟೆಯ ಬಳಿಗೆ ಬಂದು, “ಬಾಯಾರಿಕೆ, ಒಂದು ಲೋಟ ನೀರು ಕೊಡಮ್ಮ” ಎಂದು ಕೇಳಿದರು. ನೀರು ಬಂತು, ಬೆಲ್ಲದ ತುಂಡೂ ಬಂತು. ಕುಳಿತು ಮಾತನಾಡಿದೆವು. ಬೀಡಿ ಎಲೆಯ ಗುಣಮಟ್ಟ, ಬಾವಿಯ ನೀರು ಮಾರ್ಚಿನಲ್ಲಿ ಎಷ್ಟಕ್ಕೆ ಇಳಿಯುತ್ತದೆ, ಮಗಳು ಗಣಿತದಲ್ಲಿ ಹೇಗೆ. ಏಳುವಾಗ ಗೋಣಿಯನ್ನು ಒನಕೆಯ ಪಕ್ಕ ಇಟ್ಟರು, ಅದರ ಬಗ್ಗೆ ಒಂದಕ್ಷರವೂ ಆಡಲಿಲ್ಲ. ನಾನು ಕ್ಷಮೆ ಕೇಳಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, “ನಿಮ್ಮ ಮನಸ್ಸು ಒಳ್ಳೆಯದೇ ಟೀಚರ್” ಎಂದರು. ಆ ಮಾತು ನನ್ನನ್ನು ಹಗುರ ಮಾಡಲಿಲ್ಲ.

ಅಂದಿನಿಂದ ನಮ್ಮ ಇಗರ್ಜಿಯಲ್ಲಿ ವೇದಿಕೆಯ ಮೇಲೆ ಸಹಾಯ ಹಂಚುವುದಿಲ್ಲ. ಅದಕ್ಕಾಗಿ ಮಂಡಳಿಯಲ್ಲಿ ಎರಡು ಸಭೆಗಳ ಕಾಲ ವಾದ ಮಾಡಬೇಕಾಯಿತು. ದಾನ ಕೊಟ್ಟವರಿಗೆ ಫೋಟೋ ಬೇಕು, ಪತ್ರಿಕೆಗೆ ವರದಿ ಬೇಕು, ಜನರಿಗೆ ಪ್ರೇರಣೆ ಸಿಗಬೇಕು ಎಂಬ ಮಾತುಗಳು ಬಂದವು. ಇವುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಹೇಳಿದ್ದು ದಾನ ಕೊಡುವವರ ಅಹಂಕಾರವನ್ನು ಕುರಿತು ಮಾತ್ರವೆಂದು ನಾನು ಈಗ ನಂಬುವುದಿಲ್ಲ. ಮೈಕಿನಲ್ಲಿ ಹೆಸರು ಕೇಳಿ ಹಂಡೆಯ ಹಿಂದೆ ಮುಖ ಮರೆಸಿಕೊಂಡವರಿಗಾಗಿಯೂ ಅದು ಹೇಳಿದ ಮಾತು.

ವಿನ್ಸೆಂಟ್ ಸಭೆಯ ಹುಟ್ಟಿನ ಕಥೆಯನ್ನು ನಾನು ಆ ವರ್ಷವೇ ಓದಿಕೊಂಡೆ. ಹೆಸರು ಹದಿನೇಳನೆಯ ಶತಮಾನದ ಸಂತ ವಿನ್ಸೆಂಟರದು, ಅವರು 1660ರಲ್ಲಿ ತೀರಿಕೊಂಡರು. ಆದರೆ ಸಭೆಯನ್ನು ಕಟ್ಟಿದವರು ಪ್ಯಾರಿಸ್ಸಿನ ಕಾಲೇಜು ಹುಡುಗರು. ಅವರಲ್ಲಿ ಮುಖ್ಯನಾದವನು ಫ್ರೆಡೆರಿಕ್ ಓಝನಾಮ್. ಹಿಂದಿನ ವರ್ಷವಷ್ಟೇ ಆ ನಗರದಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಇಗರ್ಜಿ ಹಿಂದೆ ಏನೇನು ಮಾಡಿತ್ತೆಂದು ಹುಡುಗರು ಚರ್ಚೆಯಲ್ಲಿ ಹೇಳುತ್ತಿದ್ದಾಗ ಎದುರಾಳಿಗಳು ಕೇಳಿದರು: ಅದೆಲ್ಲ ಆಯಿತು, ಈಗ ನೀವು ಏನು ಮಾಡುತ್ತಿದ್ದೀರಿ? ಓಝನಾಮನಿಗೆ ಆ ಪ್ರಶ್ನೆ ನಾಟಿತು. ಗೆಳೆಯನೊಬ್ಬನ ಜೊತೆ ತಮ್ಮಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತುಕೊಂಡು ಬಡವರೊಬ್ಬರ ಮನೆಗೆ ಹೋದನೆಂದು ಹೇಳುತ್ತಾರೆ. 1833ರ ಏಪ್ರಿಲ್ 23ರಂದು ಮೊದಲ ಸಭೆ ಸೇರಿತು. ಅಂದಿಗೆ ಅವನಿಗೆ ಸರಿಯಾಗಿ 20 ವರ್ಷ. ಯಾವ ಮನೆಗೆ ಹೋಗಬೇಕು, ಹೇಗೆ ಹೋಗಬೇಕೆಂದು ಆ ಹುಡುಗರಿಗೆ ಕಲಿಸಿದವರು ರೊಸಲಿ ರೆಂಡು ಎಂಬ ಕನ್ಯಾಸ್ತ್ರೀ. ಪ್ಯಾರಿಸ್ಸಿನ ಕಡುಬಡವರ ಓಣಿಯೊಂದರಲ್ಲಿ ದಶಕಗಳ ಕಾಲ ದುಡಿದು, ಪ್ರತಿ ಮೆಟ್ಟಿಲನ್ನೂ ಬಲ್ಲವರು. ಹುಮ್ಮಸ್ಸು ಹುಡುಗರದು, ವಿಳಾಸ ಆಕೆಯದು. ನಮ್ಮ ಕಡೆಯೂ ಕೆಲಸ ಸಾಗುವುದು ಹೀಗೆಯೇ.

1863ರಲ್ಲಿ ಈ ಸಭೆ ಮುಂಬಯಿಯ ಮೂಲಕ ಭಾರತಕ್ಕೆ ಬಂತು. ಓಝನಾಮ್ ಅಷ್ಟರಲ್ಲಿ ಇರಲಿಲ್ಲ. ಅವನು ನಲವತ್ತನೆಯ ವಯಸ್ಸಿಗೇ, 1853ರ ಸೆಪ್ಟೆಂಬರ್ 8ರಂದು ತೀರಿಕೊಂಡ. ಈ ದಿನಾಂಕವನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಕುಳಿತೆ. ಸೆಪ್ಟೆಂಬರ್ 8 ನಮಗೆ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಜನ್ಮದಿನ, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಆ ಕಾಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಯವರೆಲ್ಲ ಸೇರಿ ಸವಿಯುವುದು ಪದ್ಧತಿ. ಹಾಸಿಗೆ ಹಿಡಿದವರ ಮನೆಗೆ ಆ ತೆನೆಯನ್ನು ಮುಟ್ಟಿಸುವುದು ನಮ್ಮ ಸಭೆಯ ಕೆಲಸ. ವರ್ಷದ ನನ್ನ ಅತ್ಯಂತ ಪ್ರೀತಿಯ ಕೆಲಸವೂ ಅದೇ. ಏಕೆಂದರೆ ಅಂದು ನಾವು ಬಡವರ ಮನೆಗೆ ಮಾತ್ರ ಹೋಗುವುದಿಲ್ಲ.

ಅಂಥದೊಂದು ಹಬ್ಬದಂದು ಒಂದು ದೊಡ್ಡ ಮನೆಗೆ ಹೋದೆವು. ಮೂವರು ಮಕ್ಕಳು ಕೊಲ್ಲಿ ದೇಶಗಳಲ್ಲಿ. ಮೊಸಾಯಿಕ್ ನೆಲ, ಗೇಟಿಗೆ ಕ್ಯಾಮೆರಾ, ಫ್ರಿಜ್ಜಿನ ತುಂಬ ಊಟ. ಒಳಗೆ ಎಂಬತ್ತು ದಾಟಿದ ಒಬ್ಬ ಬಾಯಮ್ಮ. ನಮ್ಮ ಯಾವ ಪಟ್ಟಿಯಲ್ಲಿಯೂ ಆ ಮನೆ ಇರಲಿಲ್ಲ, ಬದಲಾಗಿ ಹಬ್ಬದ ದೇಣಿಗೆಯ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿತ್ತು. ತೆನೆ ಕೊಟ್ಟು ಹೊರಡಬೇಕೆನ್ನುವಷ್ಟರಲ್ಲಿ ಆಕೆ ಬಾಪ್ಪುವಿನ ಕೈ ಹಿಡಿದುಕೊಂಡು, “ಪಾಯಸ ಮಾಡಿದ್ದೇನೆ, ಒಬ್ಬಳೇ ಹೇಗೆ ತಿನ್ನಲಿ” ಎಂದರು. ತೆನೆಯ ಕಾಳನ್ನು ಹಂಚಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಬೇಕಲ್ಲವೇ. ಅಂದು ಅಲ್ಲಿಯೇ ಕುಳಿತು ಉಂಡೆವು. ಉಳಿದ ಮನೆಗಳಿಗೆ ತೆನೆ ಮುಟ್ಟುವಾಗ ಕತ್ತಲಾಗಿತ್ತು. ಮುಂದಿನ ಗುರುವಾರದ ನಡಾವಳಿಯಲ್ಲಿ ಆ ಮನೆಯನ್ನು ಸೇರಿಸಬೇಕೆಂದು ಹೇಳಿದಾಗ ಒಬ್ಬರು ಆಕ್ಷೇಪಿಸಿದರು. ನಮ್ಮ ಹಣ ಬಡವರಿಗೆಂದು ಇರುವುದಲ್ಲವೇ ಎಂದರು. ಆ ಮನೆಗೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ, ಶನಿವಾರ ಅರ್ಧ ಗಂಟೆ ಖರ್ಚಾಗುತ್ತದೆ ಎಂದೆ. ಸೇರಿಸಿದರು.

ಮನೆ ಭೇಟಿಗೆ ನಾವು ಒಬ್ಬೊಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತೇವೆ. ಇದು ಓಝನಾಮನ ಕಾಲದಿಂದ ಬಂದ ನಿಯಮ. ಇಬ್ಬರು ಹೋದರೆ ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ. ನಾನು ಕಾಗದ ನೋಡುತ್ತಿದ್ದೆ, ಬಾಪ್ಪು ಅಡುಗೆಮನೆ ನೋಡುತ್ತಿದ್ದರು. ಕಾಗದದ ಕೆಲಸವೇನೂ ಚಿಕ್ಕದಲ್ಲ. ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಆಯುಷ್ಮಾನ್ ಕಾರ್ಡು, 2023ರಿಂದೀಚೆಗೆ ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ. ಸರ್ಕಾರ ಕೊಡುತ್ತದೆ, ಆದರೆ ಅದು ಮನೆಯವರೆಗೆ ತಲುಪಲು ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಮೂರೂ ಒಂದಕ್ಕೊಂದು ಕೂಡಿಬರಬೇಕು. ಜೀವನಪೂರ್ತಿ ಬೀಡಿ ಕಟ್ಟಿದ ಒಬ್ಬ ಅಜ್ಜಿಯ ಬೆರಳಚ್ಚು ಯಂತ್ರದಲ್ಲಿ ಮೂಡಲೇ ಇಲ್ಲ. ನಾಲ್ಕು ಸಲ ಹೋದೆವು. ಹತ್ತು ಬೆರಳನ್ನೂ ಒತ್ತಿಸಿದರು. ಬೆರಳ ರೇಖೆಗಳು ಎಲೆಗೂ ಹೊಗೆಸೊಪ್ಪಿಗೂ ಸವೆದುಹೋಗಿದ್ದವು. ಕೊನೆಗೆ ಕಣ್ಣಿನ ಗುರುತು ತೆಗೆಯುವ ಯಂತ್ರವಿದ್ದ ಕೇಂದ್ರಕ್ಕೆ ಆಟೋದಲ್ಲಿ ಕರೆದುಕೊಂಡು ಹೋದ ಮೇಲೆ ಕೆಲಸವಾಯಿತು. ಆ ದಿನದ ನಡಾವಳಿಯಲ್ಲಿ ನಾನು ಬರೆದದ್ದು ಇಷ್ಟು: “ಮನೆ 7. ಆಟೋ ಬಾಡಿಗೆ 340.”

ಹೆಸರಿಲ್ಲ, ಮನೆಯ ಸಂಖ್ಯೆ ಮಾತ್ರ. ಇದನ್ನು ನಾನು ಕಂಡುಹಿಡಿದದ್ದಲ್ಲ. ಹಿಂದಿನ ಕಾರ್ಯದರ್ಶಿಗಳ ಪುಸ್ತಕಗಳು ನಮ್ಮ ಕಪಾಟಿನಲ್ಲಿವೆ, ಅಂಚು ಗೆದ್ದಲು ತಿಂದಿದೆ. “ಮನೆ 4. ಹಂಚು 200.” “ಮನೆ 11. ಹೆರಿಗೆಯ ಖರ್ಚು, ತೆಂಗಿನೆಣ್ಣೆ.” “ಮನೆ 2. ಏನೂ ಬೇಡವೆಂದರು. ಕುಳಿತು ಬಂದೆವು.” ಕೊನೆಯ ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಬರೆದವರ ಕೈ ನಡುಗಿದೆ, ಶಾಯಿ ಮಾಸಿದೆ. ಏನೂ ಕೊಡದ ಒಂದು ಭೇಟಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕೆಂದು ಅವರಿಗೆ ಅನ್ನಿಸಿತಲ್ಲ. ವೇದಿಕೆಯ ಹಬ್ಬದ ಮೊದಲು ಈ ಪುಸ್ತಕಗಳನ್ನು ನಾನು ತೆರೆದು ನೋಡಬೇಕಿತ್ತು.

2020ರ ಮಾರ್ಚ್ ಕೊನೆಗೆ ಎಲ್ಲ ಬಾಗಿಲುಗಳೂ ಮುಚ್ಚಿದವು. ಏಪ್ರಿಲ್ 12ರ ಈಸ್ಟರ್ ಹಬ್ಬಕ್ಕೆ ಇಗರ್ಜಿಯ ಬಾಗಿಲು ತೆರೆಯಲಿಲ್ಲ. ನನ್ನ ಬದುಕಿನಲ್ಲಿ ಹಾಗಾದದ್ದು ಅದೇ ಮೊದಲು. ವಿನ್ಸೆಂಟ್ ಸಭೆ ಫೋನಿನಲ್ಲಿಯೇ ನಡೆಯಿತು, ಚೀಲ ದಾಟಲಿಲ್ಲ. ಪ್ರತಿ ಗುರಿಕಾರರೂ ತಮ್ಮ ವಾಳೆಯ ಮನೆಗಳಿಗೆ ಫೋನು ಮಾಡಿ, ಔಷಧಿ ಯಾರಿಗೆ ಬೇಕು, ಅಕ್ಕಿ ಎಲ್ಲಿ ಮುಗಿದಿದೆ ಎಂದು ವಿಚಾರಿಸಿ ತಿಳಿಸಿದರು. ಎರಡು ದಿನದೊಳಗೆ ಪಟ್ಟಿ ತಯಾರಾಯಿತು. ಅಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ನಾನು ಹಿಂದೆ ಮಾಡಿರಲಿಲ್ಲ. ಒಂದು ಮನೆಯೂ ಬಿಟ್ಟಿಲ್ಲವೆಂದು ತೃಪ್ತಿಯಿಂದ ಬಾಪ್ಪುವಿಗೆ ಫೋನಿನಲ್ಲಿ ಓದಿದೆ. ಅವರು ಕೇಳಿದರು: “ಕಟ್ಟಡದ ಹಿಂದಿನ ಶೆಡ್ಡಿನವರು?”

ಇಗರ್ಜಿಯ ಗಂಟೆ ಕೇಳಿಸುವಷ್ಟು ದೂರದಲ್ಲಿ ಅರ್ಧಕ್ಕೆ ನಿಂತ ಒಂದು ಕಟ್ಟಡ. ಅದರ ಹಿಂದೆ ತಗಡು, ಟಾರ್ಪಾಲಿನ ಒಂಬತ್ತು ಶೆಡ್ಡುಗಳು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವರು. ಕಲ್ಲು ಹೊತ್ತು, ಸಿಮೆಂಟು ಕಲಸಿ ನಮ್ಮ ಊರಿನ ಮನೆಗಳನ್ನು ಕಟ್ಟಿದವರು ಇವರೇ. ಕೆಲಸ ನಿಂತಿತ್ತು, ಬಸ್ಸು ನಿಂತಿತ್ತು, ಪಡಿತರ ಚೀಟಿ ಊರಿನಲ್ಲಿ ಅತ್ತೆಯ ಕೈಯಲ್ಲಿತ್ತು. ಅವರು ಯಾವ ವಾಳೆಗೂ ಸೇರಿದವರಲ್ಲ. ಹೀಗಾಗಿ ಯಾವ ಗುರಿಕಾರನ ಫೋನಿಗೂ ಸಿಕ್ಕಿರಲಿಲ್ಲ.

ಮಂಡಳಿಯ ಪದಾಧಿಕಾರಿಗಳಲ್ಲಿ ಕೆಲವರು ಹಿಂಜರಿದರು. ನಮ್ಮವರಿಗೇ ಸಾಲದು ಎಂಬ ಮಾತು ಬಂತು. ಇನ್ನೊಂದು ಅಂಜಿಕೆಯನ್ನೂ ಯಾರೋ ಬಾಯಿಬಿಟ್ಟು ಹೇಳಿದರು. ಇಗರ್ಜಿಯವರು ಅಕ್ಕಿ ಕೊಟ್ಟರೆ ಬೇರೆ ಅರ್ಥ ಹಚ್ಚುವವರಿದ್ದಾರೆ ಎಂದರು. ಆ ಅಂಜಿಕೆ ಸುಳ್ಳಲ್ಲ. ವಿನ್ಸೆಂಟ್ ಸಭೆಯ ನಿಯಮ ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಜಾತಿ, ಮತ ಕೇಳಬಾರದು. ಅನ್ನದ ಜೊತೆ ಬೇರೇನನ್ನೂ ಕಟ್ಟಿ ಕೊಡಬಾರದೆಂದು ನಾವೂ ಗೆರೆ ಎಳೆದುಕೊಂಡೆವು. ಅಂಗನವಾಡಿ ಟೀಚರನ್ನೂ ವಾರ್ಡಿನ ಪಂಚಾಯಿತಿ ಸದಸ್ಯರನ್ನೂ ಜೊತೆಗೆ ಕರೆದುಕೊಂಡೇ ಹೋಗುವುದೆಂದು ತೀರ್ಮಾನವಾಯಿತು. ಧರ್ಮಗುರುಗಳು ಹೆಚ್ಚು ಮಾತನಾಡಲಿಲ್ಲ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಎಲ್ಲರೂ ಒಮ್ಮೆ ಓದಿ ಎಂದು ಸಂದೇಶ ಕಳಿಸಿದರು.

ಎಷ್ಟೋ ಸಲ ಕೇಳಿದ ಭಾಗ ಅದು. ಆ ರಾತ್ರಿ ಓದಿದಾಗ ಹೊಸದಾಗಿ ಕಂಡಿತು. ಜೆರುಸಲೇಮಿನ ಆದಿ ಕ್ರೈಸ್ತರಲ್ಲಿ ಎರಡು ಭಾಷೆಯವರಿದ್ದರು. ದಿನನಿತ್ಯ ಊಟ ಹಂಚುವಾಗ ಗ್ರೀಕ್ ಮಾತನಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗು ಎದ್ದಿತು. ಬೇಕೆಂದು ಬಿಟ್ಟರೆಂದು ಅಲ್ಲಿ ಬರೆದಿಲ್ಲ. ಬಿಟ್ಟುಹೋಗುತ್ತಿದ್ದರು, ಅಷ್ಟೇ. ಪ್ರೇಷಿತರು, ಅಂದರೆ ಯೇಸುವಿನ ಶಿಷ್ಯರು, ಆ ಗೊಣಗನ್ನು ಗದರಿಸಲಿಲ್ಲ. ಏಳು ಜನರನ್ನು ಆರಿಸಿ ಎಂದರು. ಸ್ತೇಫನ, ಫಿಲಿಪ್ಪ ಮೊದಲಾಗಿ ಏಳು ಹೆಸರುಗಳು, ಏಳೂ ಗ್ರೀಕ್ ಹೆಸರುಗಳು. ಅಂದರೆ ಯಾರ ದೂರು ಇತ್ತೋ ಅವರ ಮಾತು ಬಲ್ಲವರ ಕೈಗೇ ಹಂಚುವ ಸೌಟು ಹೋಯಿತೆಂದು ನನಗೆ ತೋರಿತು. ಇಗರ್ಜಿಯ ಚರಿತ್ರೆಯಲ್ಲಿ ಮೊದಲ ಸಮಿತಿ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅದು ಹುಟ್ಟಿದ್ದು ಹಬ್ಬ ನಡೆಸಲಿಕ್ಕಲ್ಲ, ಕಟ್ಟಡ ಕಟ್ಟಲಿಕ್ಕಲ್ಲ. ಊಟದ ಸಾಲಿನಲ್ಲಿ ಬಿಟ್ಟುಹೋದ, ಪರಭಾಷೆಯ ಹೆಂಗಸರನ್ನು ಹುಡುಕಲಿಕ್ಕೆ.

ಬೆಳಿಗ್ಗೆ ಹೋದೆವು. ಒಂಬತ್ತು ಚೀಲ, ಪ್ರತಿಯೊಂದರಲ್ಲೂ ಹತ್ತು ಕಿಲೋ ಕುಚ್ಚಲಕ್ಕಿ. ನಮ್ಮ ಮನೆಗಳಲ್ಲಿ ಗಂಜಿಗೆ ಬಳಸುವ ಒಳ್ಳೆಯ ಕೆಂಪು ಅಕ್ಕಿ. ಮೂರು ದಿನ ಬಿಟ್ಟು ಮತ್ತೆ ಹೋದಾಗ ಚೀಲಗಳು ಹಾಗೆಯೇ ಮೂಲೆಯಲ್ಲಿದ್ದವು. ಒಬ್ಬ ಹೆಂಗಸು ಸಂಕೋಚದಿಂದ ಹೇಳಿದಳು: “ಅಕ್ಕೋರೇ, ತಪ್ಪು ತಿಳಿಯಬೇಡಿ. ಎಷ್ಟು ಬೇಯಿಸಿದರೂ ಇದು ಬೇಯುವುದಿಲ್ಲ. ಸೌದೆಯೂ ಇಲ್ಲ. ಮಕ್ಕಳು ಬಾಯಿಗೆ ಇಡುವುದಿಲ್ಲ. ಜೋಳದ ಹಿಟ್ಟು ಸಿಗುತ್ತದೆಯೇ?” ಅವರ ಊರಿನಲ್ಲಿ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ಮೂವತ್ತು ವರ್ಷ ಕಲಿಸಿದ ಕನ್ನಡವೇ ಅವಳದೂ. ಕೊಂಕಣಿ, ತುಳುವಿನ ನಡುವೆ ಆ ಶೆಡ್ಡಿನಲ್ಲಿ ಕನ್ನಡವೊಂದೇ ಮನೆಮಾತಾಗಿ ಉಳಿದವರು. ಅವರ ಬಳಿ ನಿಂತು ಮಾತನಾಡಬಲ್ಲವಳು ಇಡೀ ಸಮಿತಿಯಲ್ಲಿ ಮೊದಲು ನಾನಾಗಬೇಕಿತ್ತು. ಅಷ್ಟು ವರ್ಷ ಅದೇ ದಾರಿಯಲ್ಲಿ ಶಾಲೆಗೆ ಹೋಗಿಬಂದವಳು, ಏನು ಉಣ್ಣುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಲಾಕ್‌ಡೌನಿನಲ್ಲಿ ಕರಾವಳಿಯಲ್ಲಿ ಜೋಳ ಹುಡುಕುವುದು ಸುಲಭವಾಗಿರಲಿಲ್ಲ. ಬೆಳ್ತಿಗೆ ಅಕ್ಕಿಯನ್ನೂ ಗೋಧಿ ಹಿಟ್ಟನ್ನೂ ಮೊದಲು ಕೊಟ್ಟೆವು. ಎರಡನೆಯ ವಾರ ನಮ್ಮ ಯುವಕರಲ್ಲಿ ಒಬ್ಬ ಪಾಸು ಪಡೆದು ಉಡುಪಿಗೆ ಹೋದಾಗ ಒಂದು ದಿನಸಿ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಇದ್ದದ್ದನ್ನೆಲ್ಲ ಹೊತ್ತು ತಂದ. ಅಂದು ಸಂಜೆ ಆ ಶೆಡ್ಡುಗಳಿಂದ ರೊಟ್ಟಿ ತಟ್ಟುವ ಸದ್ದು ರಸ್ತೆಯವರೆಗೆ ಕೇಳಿಸುತ್ತಿತ್ತು. ಬಾಪ್ಪು ರಸ್ತೆಯ ಈಚೆ ಮಾಸ್ಕ್ ಹಾಕಿ ನಿಂತು ಬಹಳ ಹೊತ್ತು ಕೇಳಿದರು. ಕುಚ್ಚಲಕ್ಕಿಯ ಚೀಲಗಳನ್ನು ಆ ಹೆಂಗಸರು ತಾವಾಗಿಯೇ ಹಿಂದಿರುಗಿಸಿದರು, ಒಂದು ಕಾಳೂ ಕಡಿಮೆಯಾಗದ ಹಾಗೆ. ಅವು ನಮ್ಮ ವಾಳೆಗಳ ಮನೆಗಳಿಗೆ ಹೋದವು.

ಸಮಿತಿಗಳ ಬಗ್ಗೆ ನನಗೆ ಕುರುಡು ಪ್ರೀತಿ ಇಲ್ಲ. ಕುರ್ಚಿಗಾಗಿ ಮುನಿಸಿಕೊಂಡು ಇಗರ್ಜಿಯ ಬಲಿಪೂಜೆಯ ಪ್ರಾರ್ಥನೆಗೇ ಬರುವುದನ್ನು ಬಿಟ್ಟವರನ್ನು ನೋಡಿದ್ದೇನೆ. ಹೆಂಗಸರು ಮನೆ ಭೇಟಿಗೆ, ಗಂಡಸರು ವೇದಿಕೆಗೆ ಎಂಬ ಬರೆಯದ ನಿಯಮವನ್ನು ಎಷ್ಟೋ ಕಡೆ ಕಂಡಿದ್ದೇನೆ, ಕಂಡಾಗಲೆಲ್ಲ ಎದ್ದು ನಿಂತು ಹೇಳಿದ್ದೇನೆ. ಯುವಕರನ್ನು ಕುರ್ಚಿ ಜೋಡಿಸಲು ಮಾತ್ರ ಕರೆಯುತ್ತೇವೆ, ಆಮೇಲೆ ಅವರು ಬರುವುದಿಲ್ಲವೆಂದು ದೂರುತ್ತೇವೆ. ಜೋಳದ ಹಿಟ್ಟು ಹೊತ್ತು ತಂದವನು ಅದಕ್ಕೆ ಮೊದಲು ಮೂರು ವರ್ಷ ಇಗರ್ಜಿಯಲ್ಲಿ ಕುರ್ಚಿಗಳನ್ನೇ ಜೋಡಿಸಿದ್ದ. ಆದರೂ ಸಮಿತಿ ಬೇಕು. ಒಬ್ಬರ ಒಳ್ಳೆಯ ಮನಸ್ಸು ಜ್ವರ ಬಂದ ವಾರ ಮನೆಯಲ್ಲಿ ಮಲಗುತ್ತದೆ. ಸಮಿತಿ ಇದ್ದರೆ ಆ ವಾರವೂ ಮನೆ 7ಕ್ಕೆ ಯಾರೋ ಹೋಗುತ್ತಾರೆ.

ಬಾಪ್ಪುವಿಗೆ ಈಗ ಮಂಡಿ ಬಗ್ಗುವುದಿಲ್ಲ. ಗದ್ದೆಯ ಅಂಚಿನಲ್ಲಿ ನಡೆಯಲಾರರು. ನನ್ನ ಜೊತೆ ಬರುವವನು ಈಗ ಆ ಜೋಳದ ಹಿಟ್ಟಿನ ಹುಡುಗ. ಅವನು ಅಡುಗೆಮನೆ ನೋಡುವುದನ್ನು ಇನ್ನೂ ಕಲಿಯುತ್ತಿದ್ದಾನೆ, ನನಗೆ ಗೊತ್ತಾಗದ ಮೊಬೈಲಿನ ಕೆಲಸಗಳನ್ನು ಕಲಿಸುತ್ತಿದ್ದಾನೆ. ಕಳೆದ ತಿಂಗಳಿನಿಂದ ನಮ್ಮ ಪುಸ್ತಕದಲ್ಲಿ ಒಂದು ಹೊಸ ಮನೆ ಸೇರಿದೆ, ಮನೆ 16. ಕೆರೆಯ ಆಚೆ ಒಬ್ಬರೇ ಇರುವ ಗಂಡಸು. ನಮ್ಮ ಇಗರ್ಜಿಯವರಲ್ಲ. ಹೆಂಡತಿ ತೀರಿಕೊಂಡ ಮೇಲೆ ಯಾರೊಡನೆಯೂ ಮಾತಿಲ್ಲ ಎಂದು ಪಕ್ಕದವರು ಹೇಳಿದರು. ಮೂರು ಗುರುವಾರ ಹೋದೆವು, ಬಾಗಿಲು ತೆರೆಯಲಿಲ್ಲ. ನಾನು ಜಗಲಿಯಲ್ಲಿ ಐದು ನಿಮಿಷ ಕುಳಿತು, “ಮತ್ತೆ ಬರುತ್ತೇವೆ” ಎಂದು ಹೇಳಿ ಬರುತ್ತಿದ್ದೆ. ಪುಸ್ತಕದಲ್ಲಿ ಮೂರು ಸಲ ಅದನ್ನೇ ಬರೆದ ಮೇಲೆ ಹುಡುಗ ಕೇಳಿದ, ಇದನ್ನು ಬರೆಯಬೇಕೇ ಎಂದು. ಹಳೆಯ ಪುಸ್ತಕದ ಆ ಮಾಸಿದ ಸಾಲನ್ನು ತೆರೆದು ತೋರಿಸಿದೆ.

ನಾಲ್ಕನೆಯ ಗುರುವಾರ ಒಳಗಿನಿಂದ ದನಿ ಬಂತು: “ಅಕ್ಕಿ ಬೇಡ.” ಅಕ್ಕಿ ತಂದಿಲ್ಲ ಎಂದೆ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ನಾವು ಏಳುವಷ್ಟರಲ್ಲಿ ಬಾಗಿಲ ಹಿಂದಿನಿಂದಲೇ ಕೇಳಿದರು: “ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ?”

ನನಗೆ ಗೊತ್ತಿರಲಿಲ್ಲ. ನಾಳೆ ಬಂದು ಹೇಳುತ್ತೇನೆಂದು ಅಲ್ಲಿಂದಲೇ ಬಾಪ್ಪುವಿಗೆ ಫೋನು ಮಾಡಿದೆ. ಅವರಿಗೆ ಯೋಚಿಸಬೇಕಾಗಲಿಲ್ಲ. ಆರು ನಲವತ್ತರದು ಆಸ್ಪತ್ರೆಯ ಹತ್ತಿರವೇ ನಿಲ್ಲುತ್ತದೆ, ಏಳು ಐದರದು ನಿಲ್ಲುವುದಿಲ್ಲ, ಅದರಲ್ಲಿ ಹೋದರೆ ಹಿಂದಕ್ಕೆ ನಡೆಯಬೇಕು. ಮುಂದಿನ ಬಾಗಿಲಿನ ಮೆಟ್ಟಿಲು ಎತ್ತರ, ಹಿಂದಿನಿಂದ ಹತ್ತಲಿ. ಇಷ್ಟು ಹೇಳಿ ಕೇಳಿದರು: “ಜೊತೆಗೆ ಯಾರು ಹೋಗುತ್ತಾರಂತೆ?”

ಕೇಳಿಲ್ಲ ಎಂದೆ. ನಾಳೆ ಬೆಳಿಗ್ಗೆ ಕೇಳಬೇಕು.